ರಾಬರ್ಟ್ ಜಾನ್ಸನ್ ಕೇಳಲು 16 ಹಾಡಿನ ಹಳೇ ಎಲ್‌ಪಿಯೇ ಸರಿ

ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ, ಗಿಟಾರ್ ವಾದಕ ರಾಬರ್ಟ್ ಜಾನ್ಸನ್‌ನನ್ನು ಕೇಳಬೇಕು ಅಂದರೆ ಸಾಕು, ಬಹಳ ಜನ 1990ರ ‘ದಿ ಕಂಪ್ಲೀಟ್ ರೆಕಾರ್ಡಿಂಗ್ಸ್’ ಕಡೆ ಕೈ ತೋರಿಸುತ್ತಾರೆ. ಎರಡು ಸಿಡಿ, 29 ಹಾಡು, 41 ಟ್ರ್ಯಾಕು. ಲೆಕ್ಕ ತಾಳೆಯಾಗದಿರುವುದೇ ಅದರ ತೊಂದರೆ: ಒಂದೇ ಹಾಡಿನ ಎರಡೆರಡು ಟೇಕುಗಳನ್ನು (ಮತ್ತೆ ಹಾಡಿ ಮುದ್ರಿಸಿದವನ್ನು) ಒಂದರ ಹಿಂದೊಂದು ಜೋಡಿಸಿದ್ದಾರೆ. ಗಿಟಾರ್ ಕಲಿಯುವವರಿಗೆ ಹಬ್ಬ, ಹೊಸದಾಗಿ ಕೇಳುವವರಿಗೆ ಹತ್ತನೇ ಟ್ರ್ಯಾಕಿಗೇ ಸುಸ್ತು.

ಮೊದಲು ಕೇಳಬೇಕಾದದ್ದು ಕೊಲಂಬಿಯಾದವರು 1961ರಲ್ಲಿ ತಂದ ‘ಕಿಂಗ್ ಆಫ್ ದಿ ಡೆಲ್ಟಾ ಬ್ಲೂಸ್ ಸಿಂಗರ್ಸ್’ ಎಂಬ ಎಲ್‌ಪಿ, ಅಂದರೆ ದೊಡ್ಡ ಗಾನತಟ್ಟೆ. 16 ಹಾಡು, ಮೊನೊ (ಎರಡೂ ಸ್ಪೀಕರಿಗೆ ಒಂದೇ ಸದ್ದು). 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದ ಹೋಟೆಲೊಂದರಲ್ಲಿ, 1937ರ ಜೂನಿನಲ್ಲಿ ಡಲ್ಲಾಸ್‌ನಲ್ಲಿ ಹಾಡಿದವು. ಮುಂದಿನ ವರ್ಷ ಆಗಸ್ಟಿನಲ್ಲಿ ಆತ ತೀರಿಕೊಂಡ. ಎಲ್‌ಪಿ ಬರುವ ಹೊತ್ತಿಗೂ ಅವನ ಒಂದು ಫೋಟೊ ಯಾರಿಗೂ ಸಿಕ್ಕಿರಲಿಲ್ಲ. ಹಾಗಾಗಿ ಮುಖಪುಟದಲ್ಲಿ ಇರುವುದು ಚಿತ್ರ: ಗಿಟಾರ್ ಹಿಡಿದು ಕೂತವನು, ಮೇಲಿನಿಂದ ನೋಡಿದಂತೆ, ಮುಖವೇ ಕಾಣುವುದಿಲ್ಲ.

ಒಂದೊಂದು ಹಾಡೂ ಮೂರು ನಿಮಿಷದ ಆಸುಪಾಸು, ಏಕೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ಡಿಸ್ಕಿನ ಒಂದು ಬದಿಯಲ್ಲಿ ಅಷ್ಟೇ ಹಿಡಿಯುತ್ತಿತ್ತು. ಮೂರನೆಯ ಹಾಡು ‘ಕಮ್ ಆನ್ ಇನ್ ಮೈ ಕಿಚನ್’ನಿಂದ ಶುರು ಮಾಡಿ. ನಡುವೆ ಹಾಡುವುದನ್ನು ಬಿಟ್ಟು, ಗಾಳಿ ಊಳಿಡುವುದು ಕೇಳಿಸುತ್ತಿಲ್ಲವೇ ಎಂದು ಮಾತಿನ ಧಾಟಿಯಲ್ಲೇ ಕೇಳುತ್ತಾನೆ. ಉತ್ತರ ಕೊಡುವುದು ತಂತಿಯ ಮೇಲೆ ಜಾರುವ ಸ್ಲೈಡು, ಅಂದರೆ ಬೆರಳಿಗೆ ತೊಟ್ಟ ಕೊಳವೆ. ಸಿತಾರಿನ ಮೀಂಡ್ ಕೇಳಿ ಪಳಗಿದ ಕಿವಿಗೆ ಆ ಜಾರಿಕೆ ಹೊಸದಲ್ಲ. ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ಲಯ ಹಿಡಿದಿರುತ್ತದೆ, ಉಳಿದ ಬೆರಳುಗಳು ಮೇಲಿನ ತಂತಿಯಲ್ಲಿ ಹಾಡಿಗೆ ಎದುರು ಮಾತಾಡುತ್ತವೆ. ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸಿದರೆ ನಿಮ್ಮ ತಪ್ಪಲ್ಲ.

ಇನ್ನು ಸದ್ದಿನ ವಿಚಾರ. ಎಲ್‌ಪಿ ಹಾಕುವವರು ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿಬಿಡಿ. ಮೊನೊ ರೆಕಾರ್ಡಿನಲ್ಲಿ ಸಂಗೀತ ಇರುವುದು ಸೂಜಿಯ ಎಡಬಲ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಕುಪ್ಪಳಿಸುವುದು ಧೂಳು, ಗೀರುಗಳ ಕೆಲಸ. ಗುಂಡಿ ಒತ್ತಿದರೆ ಆ ಪಾಲು ಹೋಗುತ್ತದೆ. ಆದರೆ ಹಳೇ 78 ಡಿಸ್ಕಿನಿಂದಲೇ ಇಳಿದುಬಂದ ಸರಸರ ಹೋಗುವುದಿಲ್ಲ, ಅದು ಹಾಡಿನ ಜೊತೆಗೇ ಅಚ್ಚಾಗಿದೆ. ಟ್ರೆಬಲ್ ತುಸು ಇಳಿಸಿ, ಅಷ್ಟೇ. ಸದ್ದು ತೆಗೆಯುವ ಫಿಲ್ಟರ್ ಹಾಕಿದರೆ ಉಕ್ಕಿನ ತಂತಿಯ ಮೀಟೂ ಅದರ ಜೊತೆ ಹೋಗುತ್ತದೆ, ಗಿಟಾರು ಕಂಬಳಿ ಹೊದ್ದ ಹಾಗಾಗುತ್ತದೆ. ಮೂಲದ ವೇಗವೇ ತಪ್ಪು ಎಂದು ವಾದಿಸಿ ಶೇ 20ರಷ್ಟು ನಿಧಾನ ಮಾಡಿದ ಫೈಲುಗಳೂ ಅಂತರ್ಜಾಲದಲ್ಲಿವೆ. ಗಟ್ಟಿ ಆಧಾರವಿಲ್ಲದ ವಾದ, ಬಿಟ್ಟುಬಿಡಿ.

ಕೊರತೆಯೂ ಇದೆ. ‘ಲವ್ ಇನ್ ವೇನ್’, ‘ಸ್ವೀಟ್ ಹೋಮ್ ಶಿಕಾಗೊ’ ಇದರಲ್ಲಿಲ್ಲ. ಅವಕ್ಕೆ 1970ರ ಎರಡನೇ ಸಂಪುಟ ಬೇಕು. ‘ಕ್ರಾಸ್ ರೋಡ್ ಬ್ಲೂಸ್’ ಕೂಡ 78 ಡಿಸ್ಕಿನಲ್ಲಿ ಬಂದ ಟೇಕಲ್ಲ, ಎರಡನೆಯದು. ಬ್ರಿಟಿಷ್ ರಾಕ್ ತಂಡ ಕ್ರೀಮ್ ಅದೇ ಹಾಡನ್ನು 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ನುಡಿಸಿದ್ದು ‘ವೀಲ್ಸ್ ಆಫ್ ಫೈರ್’ ಆಲ್ಬಮ್ಮಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಕೇಳಿ: ಕ್ರೀಮ್ ಹಾಡುವ, ರೋಸ್‌ಡೇಲ್ ಊರು ಬರುವ ಸಾಲುಗಳು ಈ ಹಾಡಿನವಲ್ಲ, ಜಾನ್ಸನ್‌ನದೇ ‘ಟ್ರಾವೆಲಿಂಗ್ ರಿವರ್‌ಸೈಡ್ ಬ್ಲೂಸ್’ನಿಂದ ಎತ್ತಿ ಹೊಲಿದವು.

ಫೋಕ್ (ಜನಪದ ಧಾಟಿಯ) ಸಂಗೀತದ ಕಡೆಯಿಂದ ಬರುವವರು ಬಾಬ್ ಡಿಲನ್‌ನ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ (1965) ಮುಖಪುಟ ನೋಡಿ. ಸುತ್ತ ಹರಡಿದ ರೆಕಾರ್ಡುಗಳ ನಡುವೆ ಈ ಎಲ್‌ಪಿಯೂ ಇದೆ. ಒಳಗೆ ಒಂದು ಬದಿ ಬ್ಯಾಂಡಿನ ಗದ್ದಲ, ಇನ್ನೊಂದು ಬದಿ ಬಹುಪಾಲು ಗಿಟಾರು, ಹಾರ್ಮೋನಿಕಾ.

ಹಳೇ ರೆಕಾರ್ಡಿನ ಸರಸರ ತಡೆಯಲಾಗದು ಅನ್ನುವವರಿಗೆ ಇನ್ನೊಬ್ಬ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ‘ಫೋಕ್ ಸಿಂಗರ್’ (1964). ಬಡ್ಡಿ ಗೈ ಎರಡನೇ ಗಿಟಾರು, ವಿಲ್ಲಿ ಡಿಕ್ಸನ್ ಬಾಸ್. ಕೋಣೆಯ ಪ್ರತಿಧ್ವನಿ, ಉಸಿರು, ತಂತಿಯ ಮೇಲೆ ಬೆರಳು ಸರಿಯುವುದು, ಎಲ್ಲ ಕೇಳುತ್ತದೆ. ಸ್ಪೀಕರ್ ಪರೀಕ್ಷಿಸುವವರೂ ಇದನ್ನೇ ಹಾಕುತ್ತಾರೆ. ಸಿಡಿ ಕೊಂಡರೆ ಮೂಲದ 9 ಹಾಡು ಮುಗಿದ ಕೂಡಲೇ ನಿಲ್ಲಿಸಿ. ಆಮೇಲೆ ಸೇರಿಸಿದವು ಬೇರೆ ದಿನದವು.