ಪಾಸ್‌ವರ್ಡ್ ಸೋರಿದ ಮೇಲೆ ಕೈಹಿಡಿದ ಬಿಟ್‌ವಾರ್ಡನ್: ಮಲೆನಾಡಿನ ಹೋಂಸ್ಟೇಯಿಂದ ಒಂದು ವಿಮರ್ಶೆ

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬುಕಿಂಗ್ ಸೈಟುಗಳು, ಇಮೇಲ್, ಇನ್‌ಸ್ಟಾಗ್ರಾಂ, ಜಿಎಸ್‌ಟಿ, ಬ್ಯಾಂಕ್ ಅಂತ ಖಾತೆಗಳು ಸಾಲುಸಾಲು. ಕೆಲವು ವರ್ಷಗಳ ಹಿಂದೆ ನಾವು ಸಾಮಾನು ತರಿಸುತ್ತಿದ್ದ ಒಂದು ಶಾಪಿಂಗ್ ಸೈಟಿನಿಂದ ಗ್ರಾಹಕರ ಇಮೇಲ್, ಪಾಸ್‌ವರ್ಡ್ ಎಲ್ಲ ಸೋರಿಹೋಯಿತು. ಅವತ್ತಿನಿಂದ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಬಿಟ್‌ವಾರ್ಡನ್ ಅನ್ನುವ ಆ್ಯಪ್ ಬಳಸುತ್ತಿದ್ದೇನೆ.

ಸೋರಿದ್ದು ಒಂದು ಸೈಟಿನಿಂದ ಆದರೂ ಅಪಾಯ ಅಲ್ಲಿಗೇ ನಿಲ್ಲುವುದಿಲ್ಲ. ಸಿಕ್ಕಿದ ಇಮೇಲ್ ಮತ್ತು ಪಾಸ್‌ವರ್ಡನ್ನು ಕಳ್ಳರು ಬೇರೆ ಬೇರೆ ಸೈಟುಗಳಲ್ಲಿ ಯಂತ್ರದಿಂದಲೇ ಹಾಕಿ ನೋಡುತ್ತಾರೆ. ಕದ್ದ ಕೀಲಿಗೊಂಚಲು ಹಿಡಿದು ಊರಿನ ಎಲ್ಲ ಬಾಗಿಲಿಗೂ ಹಾಕಿ ನೋಡಿದ ಹಾಗೆ. ಅದಕ್ಕೇ ಪ್ರತಿ ಖಾತೆಗೂ ಬೇರೆಯದೇ ಪಾಸ್‌ವರ್ಡ್ ಇರಬೇಕು. ಅಷ್ಟನ್ನು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದ ಮಾತು. ಈ ಆ್ಯಪ್ ಆ ಕೆಲಸ ಮಾಡುತ್ತದೆ. ಉದ್ದದ ಪಾಸ್‌ವರ್ಡನ್ನು ತಾನೇ ಹುಟ್ಟಿಸಿ, ತಾನೇ ನೆನಪಿಟ್ಟು, ತಾನೇ ತುಂಬುತ್ತದೆ. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಫೋನು, ಕಂಪ್ಯೂಟರುಗಳಲ್ಲಿ ಬೇಕಾದರೂ ಬಳಸಬಹುದು. ಇನ್ನೊಬ್ಬರ ಜೊತೆ ಹಂಚಿಕೊಳ್ಳಲೂ ಬರುತ್ತದೆ. ಸಕಲೇಶಪುರದಲ್ಲಿರುವ ಅಣ್ಣ ಬುಕಿಂಗ್ ನೋಡಿಕೊಳ್ಳುತ್ತಾನೆ. ಅವನಿಗೆ ಪಾಸ್‌ವರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸುವ ಕೆಲಸ ತಪ್ಪಿತು.

ನಾನು ಮೊದಲು ಬದಲಿಸಿದ್ದು ಇಮೇಲ್ ಪಾಸ್‌ವರ್ಡ್. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತರೆ ಲಿಂಕ್ ಬರುವುದು ಅಲ್ಲಿಗೇ ಅಲ್ವಾ? ಆಮೇಲೆ ಎಲ್ಲ ಡಿವೈಸ್‌ಗಳಿಂದ ಲಾಗ್‌ಔಟ್ ಮಾಡಿದೆ. ನಮ್ಮ ಮೇಲ್ ಬೇರೆ ಯಾರಿಗಾದರೂ ಫಾರ್ವರ್ಡ್ ಆಗುವ ಹಾಗೆ ಸೆಟ್ಟಿಂಗ್ ಇದೆಯಾ, ರಿಕವರಿ ನಂಬರ್ ನಮ್ಮದೇ ಹೌದಾ ಅಂತ ನೋಡಿದೆ. ಪಾಸ್‌ವರ್ಡ್ ಬದಲಿಸಿ ಸುಮ್ನೆ ಕೂತರೆ ಇವೆರಡೂ ಹಾಗೇ ಉಳಿದುಬಿಡುತ್ತವೆ.

ಹಳೆಯ ಪಾಸ್‌ವರ್ಡ್ ಸೋರಿಕೆಯ ಪಟ್ಟಿಯಲ್ಲಿದೆಯಾ ಅಂತಲೂ ಬಿಟ್‌ವಾರ್ಡನ್‌ನಲ್ಲೇ ನೋಡಬಹುದು. ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ, ಸೋರಿದ ಮಾಹಿತಿಯ ಪಟ್ಟಿ ಇಡುವ ಹ್ಯಾವ್ ಐ ಬೀನ್ ಪೋನ್ಡ್ ಸೇವೆಯನ್ನು ಅದು ಕೇಳುತ್ತದೆ. ನಮ್ಮ ಪಾಸ್‌ವರ್ಡ್ ಅಲ್ಲಿಗೆ ಹೋಗುವುದಿಲ್ಲ. ಅದರಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಮೊದಲ 5 ಅಕ್ಷರ ಮಾತ್ರ ಹೋಗುತ್ತದೆ. ಹೋಲಿಸಿ ನೋಡುವುದು ನಮ್ಮ ಫೋನಿನಲ್ಲೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಬೇರೆ. ಸೋರಿಕೆ ಆದ ಮೇಲೆ ಮೋಸದ ಮೇಲ್‌ಗಳ ಕಾಟ ಶುರುವಾಗುತ್ತದೆ. 'ನಿಮ್ಮ ಅತಿಥಿ ದೂರು ಕೊಟ್ಟಿದ್ದಾರೆ, ಲಾಗಿನ್ ಆಗಿ ಉತ್ತರಿಸಿ' ಅಂತ ನಮಗೊಂದು ಮೇಲ್ ಬಂತು. ಲಿಂಕ್ ಒತ್ತಿದರೆ ಬುಕಿಂಗ್ ಸೈಟಿನದೇ ಲೋಗೋ, ಅದೇ ಬಣ್ಣ. ಆದರೆ ಬಿಟ್‌ವಾರ್ಡನ್ ಪಾಸ್‌ವರ್ಡ್ ತೋರಿಸಲೇ ಇಲ್ಲ. ಅದು ನೋಡುವುದು ಸೈಟಿನ ವಿಳಾಸವನ್ನು. ವಿಳಾಸದಲ್ಲಿ ಒಂದು ಅಕ್ಷರ ಆಚೀಚೆ ಆದರೂ ಅದರ ಪಾಲಿಗೆ ಅದು ಬೇರೆಯೇ ಸೈಟು. ವಾರಾಂತ್ಯದ ಗಡಿಬಿಡಿಯಲ್ಲಿ ನಮ್ಮ ಕಣ್ಣು ತಪ್ಪಬಹುದು, ಅದರದ್ದು ತಪ್ಪಲಿಲ್ಲ. ಅದು ತಾನಾಗಿ ತುಂಬದಿದ್ದರೆ ನಾವೇ ಕಾಪಿ ಮಾಡಿ ಹಾಕಲು ಹೋಗಬಾರದು. ಮೊದಲು ವಿಳಾಸ ಓದಬೇಕು. ಕೆಲವು ಬ್ಯಾಂಕ್ ಆ್ಯಪ್‌ಗಳು ತುಂಬಲು ಬಿಡುವುದೇ ಇಲ್ಲ, ಆ ಮಾತು ಬೇರೆ.

ಪಾಸ್‌ವರ್ಡ್ ಹಾಕಿದ ಮೇಲೆ ಕೇಳುವ ಎರಡನೇ ಹಂತದ ಕೋಡ್‌ಗೆ ನಾನು ಎಸ್ಸೆಮ್ಮೆಸ್ ಬಿಟ್ಟು, ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಿಡಿದೆ. ಮಳೆಗಾಲದಲ್ಲಿ ತೋಟದ ಮನೆಗೆ ಮೊಬೈಲ್ ಸಿಗ್ನಲ್ ಸಿಗುವುದೇ ಕಷ್ಟ. ಫೈಬರ್ ಇಂಟರ್ನೆಟ್ ಇರುತ್ತದೆ, ಒಟಿಪಿ ಮಾತ್ರ ಬರುವುದಿಲ್ಲ. ಅಥೆಂಟಿಕೇಟರ್ ಕೋಡ್‌ಗೆ ನೆಟ್‌ವರ್ಕ್ ಬೇಡವೇ ಬೇಡ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ಬರುತ್ತವೆ. ಬಿಟ್‌ವಾರ್ಡನ್ ಕೂಡ ಇಂಟರ್ನೆಟ್ ಹೋದಾಗ ಮೊದಲೇ ಇಟ್ಟ ಪಾಸ್‌ವರ್ಡ್ ತೋರಿಸುತ್ತದೆ. ಹೊಸದನ್ನು ಸೇರಿಸಲು ಮಾತ್ರ ಇಂಟರ್ನೆಟ್ ಬರುವವರೆಗೆ ಕಾಯಬೇಕು.

ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಅಪಾಯ ಅಲ್ವಾ ಅಂತ ಅಣ್ಣ ಕೇಳಿದ್ದ. ಸರಿಯಾದ ಪ್ರಶ್ನೆ. 2022ರಲ್ಲಿ ಇಂಥದ್ದೇ ಸೇವೆಯಾದ ಲಾಸ್ಟ್‌ಪಾಸ್‌ನಿಂದ ಗ್ರಾಹಕರ ಬೀಗ ಹಾಕಿದ ದತ್ತಾಂಶದ ಪ್ರತಿಗಳನ್ನೇ ಕದ್ದಿದ್ದರು. ಅಂಥ ಹೊತ್ತಿನಲ್ಲಿ ಕಾಯುವುದು ನಮ್ಮ ಮಾಸ್ಟರ್ ಪಾಸ್‌ವರ್ಡಿನ, ಅಂದರೆ ಆ್ಯಪ್ ತೆರೆಯಲು ಹಾಕುವ ಮುಖ್ಯ ಪಾಸ್‌ವರ್ಡಿನ ಗಟ್ಟಿತನ. ಸಂಬಂಧವೇ ಇಲ್ಲದ ನಾಲ್ಕೈದು ಪದ ಜೋಡಿಸಿ ಉದ್ದಕ್ಕೆ ಇಟ್ಟುಕೊಳ್ಳಿ. ಬೇರೆಲ್ಲೂ ಅದನ್ನು ಬಳಸಬೇಡಿ. ಅದನ್ನು ಮರೆತರೆ ಕಂಪನಿಯವರೂ ತೆಗೆದುಕೊಡಲು ಆಗುವುದಿಲ್ಲ, ಅವರ ಬಳಿ ಅದು ಇರುವುದೇ ಇಲ್ಲ. ನಾನು ಕಾಗದದ ಮೇಲೆ ಬರೆದು, ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿಯದ ಹಾಗೆ ಮನೆಯಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ಇಟ್ಟಿದ್ದೇನೆ. ಲ್ಯಾಮಿನೇಟ್ ಮಾಡಿಸಲು ಅಂಗಡಿಗೆ ಒಯ್ದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ದುಡ್ಡು ಕೊಡುವ ಯೋಜನೆ ಬೇಕಾ ಅಂತ ಕೇಳಿದರೆ, ಹೆಚ್ಚಿನವರಿಗೆ ಬೇಡ. ನಮಗೇನಾದರೂ ಆದರೆ ಮನೆಯವರು ಖಾತೆ ತೆರೆಯುವ ತುರ್ತು ವ್ಯವಸ್ಥೆ ಅದರಲ್ಲಿದೆ. ವ್ಯಾಪಾರ ಇರುವವರು ಆ ಒಂದು ಕಾರಣಕ್ಕೆ ತೆಗೆದುಕೊಳ್ಳಬಹುದು.