ಫೋನಿನ ಟಿಪ್ಪಣಿ: ಹಳೆಯದೆಂದು ಅಳಿಸಬೇಕೆ, ಮತ್ತೆ ಸಿಗುತ್ತದೆಯೇ ಎಂದು ನೋಡಿ ಅಳಿಸಬೇಕೆ?

ಫೋನಿನಲ್ಲಿ ಟಿಪ್ಪಣಿ ತುಂಬಿ ತುಳುಕುವಾಗ ಜನ ಸಾಮಾನ್ಯವಾಗಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಏನನ್ನೂ ಅಳಿಸದೆ ಹುಡುಕಾಟವನ್ನೇ ನಂಬುವುದು ಒಂದು. ವರ್ಷದಿಂದ ಮುಟ್ಟದ್ದನ್ನೆಲ್ಲ ತೆಗೆದುಹಾಕುವುದು ಇನ್ನೊಂದು. ‘ಇದು ಹೋದರೆ ಮತ್ತೆ ಎಲ್ಲಿಂದ ಸಿಗುತ್ತದೆ?’ ಎಂದು ಪ್ರತಿಯೊಂದಕ್ಕೂ ಕೇಳುವುದು ಮೂರನೆಯದು. ಟಿಪ್ಪಣಿ ಬರೆದಿಡುವ ಆ್ಯಪ್‌ಗಳಾದ ಗೂಗಲ್ ಕೀಪ್, ಒಬ್ಸಿಡಿಯನ್, ಜೊತೆಗೆ ವಾಟ್ಸಾಪ್, ಈ ಮೂರರಲ್ಲೂ ಇವನ್ನು ಬಳಸಿ ನೋಡಿದ ಮೇಲೆ ನಮ್ಮ ಮತ ಮೂರನೆಯದಕ್ಕೆ.

ಹುಡುಕಾಟವನ್ನು ನಂಬುವ ದಾರಿ ಒಂದೇ ಲಿಪಿಯಲ್ಲಿ ಬರೆಯುವವರಿಗೆ ಸಾಕು. ಕಾಸರಗೋಡಿನಲ್ಲಿ ಅದು ಬೇಗ ಕೈಕೊಡುತ್ತದೆ. ತೋಟದ ಲೆಕ್ಕ ಕನ್ನಡದಲ್ಲಿ, ವಿಲೇಜ್ ಆಫೀಸಿನ ವಿಷಯ ಮಲಯಾಳದಲ್ಲಿ, ಅವಸರದಲ್ಲಿ ಒತ್ತಿದ್ದು ಇಂಗ್ಲಿಷ್ ಅಕ್ಷರದಲ್ಲಿ. ‘ಅಡಿಕೆ’ ಎಂದು ಕನ್ನಡದಲ್ಲಿ ಹುಡುಕಿದರೆ ಉಳಿದೆರಡು ಬರುವುದಿಲ್ಲ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ಅಕ್ಷರಗಳು), ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯ 2008ರ 5.1 ಆವೃತ್ತಿಯಲ್ಲಿ ಪ್ರತ್ಯೇಕ ಸಂಕೇತ ಬಂತು. ಅದಕ್ಕೂ ಹಿಂದಿನ ರೀತಿಯಲ್ಲಿ ಬರೆದ ಪದ ಕಣ್ಣಿಗೆ ಒಂದೇ ಥರ ಕಂಡರೂ ಹುಡುಕಾಟಕ್ಕೆ ಬೇರೆಯೇ ಪದ. ಕನ್ನಡದಲ್ಲೂ ಅಷ್ಟೆ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿ ಅಂಟಿಸಿದ್ದು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಕಸವೆಂದು ಅಳಿಸಬೇಡಿ. ಮೊದಲು ಯೂನಿಕೋಡಿಗೆ ಪರಿವರ್ತಿಸಿ ಓದಿ. ಊರಿನ ಯಾವುದೋ ಸಭೆಯ ನಿರ್ಣಯವೇ ಅದರೊಳಗೆ ಇರಬಹುದು. ಉಳಿಸುವ ಟಿಪ್ಪಣಿಯ ಮೊದಲ ಸಾಲಿನಲ್ಲಿ ಮುಖ್ಯ ಪದವನ್ನು ಮೂರೂ ಲಿಪಿಯಲ್ಲಿ ಬರೆದಿಟ್ಟರೆ ಹುಡುಕಾಟ ಸರಿಯಾಗುತ್ತದೆ. ಆದರೆ ಸಾವಿರ ಟಿಪ್ಪಣಿಗೆ ಈ ಕೆಲಸ ಆಗದು, ನೂರಕ್ಕೆ ಆದೀತು. ಹಾಗಾಗಿ ಅಳಿಸುವುದು ಬೇಕೇ ಬೇಕು.

ವರ್ಷದ ಲೆಕ್ಕದಲ್ಲಿ ಅಳಿಸುವುದು ಬಹಳ ವೇಗದ ದಾರಿ, ಅಪಾಯದ ದಾರಿಯೂ ಹೌದು. ಕೀಪ್ ತೋರಿಸುವುದು ತಿದ್ದಿದ ದಿನವನ್ನು, ತೆರೆದು ಓದಿದ ದಿನವನ್ನಲ್ಲ. ವಾರಕ್ಕೊಮ್ಮೆ ನೋಡುವ ಟಿಪ್ಪಣಿಯೂ ಅದರ ಲೆಕ್ಕದಲ್ಲಿ ಹಳೆಯದೇ. ಒಬ್ಸಿಡಿಯನ್‌ನಲ್ಲಿ ಟಿಪ್ಪಣಿಗಳು ಸಾದಾ ಫೈಲುಗಳು; ಹೊಸ ಫೋನಿಗೆ ನಕಲಿಸುವಾಗ ದಿನಾಂಕಗಳೆಲ್ಲ ನಕಲಿಸಿದ ದಿನಕ್ಕೆ ಬದಲಾಗುವುದುಂಟು. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ, ಬೆಲೆಬಾಳುವ ಮಾಹಿತಿ ಬೇಕಾಗುವುದೇ ಅಪರೂಪಕ್ಕೆ. ಕೊಳವೆಬಾವಿ ಎಷ್ಟು ಅಡಿ ಹೋಗಿದೆ, ಎಷ್ಟನೇ ಅಡಿಯಲ್ಲಿ ಬಂಡೆ ಸಿಕ್ಕಿತು, ಎಲ್ಲಿ ನೀರು ಕಂಡಿತು ಎಂಬುದನ್ನು ಪಂಪು ಕೆಟ್ಟು ಮೇಲೆತ್ತುವವರೆಗೆ ಯಾರೂ ನೋಡುವುದಿಲ್ಲ.

ಮೂರನೆಯ ದಾರಿಯ ಗುಣ ಒಂದೇ ವಿಷಯದ ಎರಡು ಟಿಪ್ಪಣಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಅಡಿಕೆಯ ಮಹಾಳಿ (ಕೊಳೆ) ರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಕೃಷಿಭವನದಲ್ಲಿ, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ, ಪಕ್ಕದ ತೋಟದವರಲ್ಲಿ, ಎಲ್ಲಿ ಕೇಳಿದರೂ ಸಿಗುತ್ತದೆ, ಅಳಿಸಿ. ಅದೇ ಮದ್ದು ನಿಮ್ಮ ಮೇಲಿನ ತೋಟಕ್ಕೆ ಎಷ್ಟು ಡ್ರಮ್ ಹಿಡಿಯಿತು, ಎರಡನೆಯ ಸಲ ಯಾವಾಗ ಬಿಟ್ಟಿರಿ, ಯಾವ ಸಾಲಿನಲ್ಲಿ ಕಾಯಿ ಉದುರಿತು ಎಂಬುದು ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ. ಎರಡೇ ಸಾಲು ಇದ್ದರೂ ಉಳಿಸಿ.

ಜಾಗದ ವಿಷಯದಲ್ಲಿ ತಂಡಪೇರ್ ನಂಬ್ರ (ವಿಲೇಜ್ ಆಫೀಸಿನಲ್ಲಿ ಜಾಗದ ಒಡೆಯನ ಖಾತೆಯ ನಂಬ್ರ), ಹಳೆಯ ಸರ್ವೆ ನಂಬ್ರ, ರೀಸರ್ವೆ ನಂಬ್ರ ಮೂರೂ ಒಂದೇ ಟಿಪ್ಪಣಿಯಲ್ಲಿರಲಿ. ಹಳೆಯ ದಸ್ತಾವೇಜಿನಲ್ಲಿ ಒಂದು, ಈಗಿನ ದಾಖಲೆಯಲ್ಲಿ ಇನ್ನೊಂದು ನಂಬ್ರ ಇರುವಾಗ ಎರಡನ್ನೂ ಜೋಡಿಸುವ ಆ ಸಾಲೇ ಕೆಲಸಕ್ಕೆ ಬರುವುದು. ಆಧಾರ್ ಕಾರ್ಡಿನ ಚಿತ್ರ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ಟಿಪ್ಪಣಿಯಲ್ಲಿ ಇಡುವುದು ಬೇಡ. ಪಾಸ್‌ವರ್ಡ್ ಬರೆದಿಟ್ಟಿದ್ದರೆ ಪಾಸ್‌ವರ್ಡ್ ಮ್ಯಾನೇಜರಿಗೆ ಸಾಗಿಸಿ ಇಲ್ಲಿಂದ ತೆಗೆಯಿರಿ. ಮಾರುಕಟ್ಟೆ ದರದ ಫಾರ್ವರ್ಡ್, ಮುಗಿದ ಸಾಮಾನಿನ ಪಟ್ಟಿ ಇವುಗಳಿಗೆ ಯೋಚನೆಯೇ ಬೇಡ.

ಈ ದಾರಿಗೂ ಒಂದು ಕೊರತೆ ಇದೆ. ನಿಧಾನ, ಮತ್ತು ‘ಗೊತ್ತಾಗುತ್ತಿಲ್ಲ’ ಎಂಬ ಗುಂಪು ಬೆಳೆಯುತ್ತದೆ. ಕೀಪ್‌ನ ಕಸದಬುಟ್ಟಿಯಲ್ಲಿ ಟಿಪ್ಪಣಿ ಉಳಿಯುವುದು 7 ದಿನ ಮಾತ್ರ, ಅನುಮಾನಕ್ಕೆ ಅದು ತೀರ ಕಡಿಮೆ. ಅಂಥವಕ್ಕೆ ‘ಕಾಯಲಿ’ ಎಂಬ ಲೇಬಲ್ ಹಾಕಿ ಆರ್ಕೈವ್ ಮಾಡಿ. ಕಣ್ಣಿನಿಂದ ಮರೆಯಾಗುತ್ತವೆ, ಹುಡುಕಿದರೆ ಬರುತ್ತವೆ. ಒಂದು ಮಳೆಗಾಲ, ಒಂದು ಕೊಯ್ಲು ದಾಟಲಿ, ಆಮೇಲೆ ಒಟ್ಟಿಗೆ ನೋಡಿ. ಆಗ ಲೇಬಲನ್ನು ಅಳಿಸಿದರೆ ಲೇಬಲ್ ಮಾತ್ರ ಹೋಗುತ್ತದೆ, ಟಿಪ್ಪಣಿಗಳು ಅಲ್ಲೇ ಇರುತ್ತವೆ. ಟಿಪ್ಪಣಿಗಳನ್ನೇ ಆರಿಸಿ ಅಳಿಸಬೇಕು. ಮನೆಯವರೊಂದಿಗೆ ಹಂಚಿಕೊಂಡ ಟಿಪ್ಪಣಿಯನ್ನು ಅದರ ಒಡೆಯ ಅಳಿಸಿದರೆ ಎಲ್ಲರ ಫೋನಿನಿಂದಲೂ ಹೋಗುತ್ತದೆ, ಮೊದಲು ಕೇಳಿ. ಒಬ್ಸಿಡಿಯನ್‌ನ ಸೆಟ್ಟಿಂಗ್‌ನಲ್ಲಿ, ಅಳಿಸಿದ ಫೈಲು ಅದರದೇ ಕಸದ ಫೋಲ್ಡರಿಗೆ ಹೋಗುವಂತೆ ಆರಿಸಿಕೊಂಡರೆ ನೀವಾಗಿ ತೆಗೆಯುವ ತನಕ ಅಲ್ಲೇ ಇರುತ್ತದೆ. ಈ ಒಂದು ವಿಷಯದಲ್ಲಿ ಅದು ಕೀಪ್‌ಗಿಂತ ಮೇಲು.

ವಾಟ್ಸಾಪ್‌ನಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರ ಕೊನೆಗೆ ಬಂದ ಮೇಲೆ ಬಹಳ ಮಂದಿಯ ಟಿಪ್ಪಣಿಪುಸ್ತಕ ಅದೇ ಆಗಿದೆ. ಬರೆದಿಡಲು ಸುಲಭ, ವಿಂಗಡಿಸಲು ಕಷ್ಟ. ಅಲ್ಲಿ ಮಾಡಬಹುದಾದ್ದು ಇಷ್ಟು: ಉಳಿಸಬೇಕಾದ ಸಂದೇಶಗಳಿಗೆ ನಕ್ಷತ್ರದ ಗುರುತು ಹಾಕಿ, ಆಮೇಲೆ ಚಾಟ್ ಖಾಲಿ ಮಾಡುವಾಗ ನಕ್ಷತ್ರದವನ್ನೂ ಅಳಿಸುವ ಚೌಕದಲ್ಲಿ ಗುರುತು ಇಲ್ಲದಂತೆ ನೋಡಿಕೊಳ್ಳಿ. ಹೀಗೆ ಉಳಿದ ನಕ್ಷತ್ರದ ಸಂದೇಶಗಳನ್ನು ಅದೇ ದಿನ ಕೀಪ್‌ಗೋ ಒಬ್ಸಿಡಿಯನ್‌ಗೋ ಸಾಗಿಸಿ.