ಲೈಫ್ ಮನೆಗೆ ಅರ್ಜಿ ಹಾಕುವವರು ಒಂದು ‘ನ’ ನೋಡಿಕೊಳ್ಳಿ

ಕಾಸರಗೋಡಿನ ಕುಂಬಳೆ ಕಡೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕುಳಿತು “ಲೈಫ್ ಮನೆ ಮಾಡಿಸಿಕೊಡುತ್ತೇನೆ” ಎನ್ನುವ ಒಬ್ಬರಿಗೆ ನಾವು ನಾಲ್ಕು ವರ್ಷದಲ್ಲಿ 18,000 ರೂಪಾಯಿ ಕೊಟ್ಟೆವು. ಲೈಫ್ ಎಂದರೆ ಮನೆ ಇಲ್ಲದವರಿಗೆ ಮನೆ ಮಾಡಿಕೊಡುವ ಕೇರಳ ಸರ್ಕಾರದ ಯೋಜನೆ. ದುಡ್ಡು ಹೋದದ್ದು ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಉಂಟು, ಅದನ್ನು ಹೇಳಲಿಕ್ಕೇ ಇದನ್ನು ಬರೆಯುವುದು. ಅವರ ಹೆಸರು ಬರೆಯುವುದಿಲ್ಲ, ಸ್ಟೇಷನ್ನಿನಲ್ಲಿ ಕೊಟ್ಟ ದೂರು ಇನ್ನೂ ಹಾಗೇ ಉಂಟು. ಹೆಸರಿನಿಂದ ನಿಮಗೆ ಉಪಯೋಗವೂ ಇಲ್ಲ. ಇಂಥವರು ನಿಮ್ಮ ಪೇಟೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ನಾವಿರುವುದು ಕ್ವಾರ್ಟರ್ಸಿನಲ್ಲಿ. ಹೊರಗಿನವರಿಗೆ ಕ್ವಾರ್ಟರ್ಸ್ ಎಂದರೆ ಸರ್ಕಾರಿ ನೌಕರರ ಮನೆ, ನಮ್ಮಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳು. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಕುಟುಂಬಕ್ಕೆ ಒಂದು ಬಾವಿ. ನಾನು ಬೀಡಿ ಕಟ್ಟುತ್ತೇನೆ, ನನ್ನವರು ಮಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕೆ ಹೋಗುತ್ತಿದ್ದರು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರಲ್ಲ, ಆಗ ಆ ಕೆಲಸ ಹೋಯಿತು. ಬೀಡಿಯೂ ಇಲ್ಲ, ಹೋಟೆಲೂ ಇಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಲೈಫ್ ಮಿಷನ್ನಿಗೆ ಹೊಸದಾಗಿ ಅರ್ಜಿ ಕರೆದರು. ಮನೆಗೆ 4 ಲಕ್ಷ, ಸ್ಥಳ ಇಲ್ಲದವರಿಗೆ ಸ್ಥಳ ತೆಗೆಯಲಿಕ್ಕೂ ಸಹಾಯ ಎಂದು ಕೇಳಿ ನಿದ್ದೆ ಬರಲಿಲ್ಲ.

ಪಂಚಾಯತಿನ ಹೆಲ್ಪ್ ಡೆಸ್ಕಿನಲ್ಲಿ ಹೋಗಿ ಹಾಕಬಹುದಿತ್ತು. ಕೊರೊನಾದ ಹೆದರಿಕೆ ಒಂದು. ನಿಜ ಹೇಳಬೇಕೆಂದರೆ ಆಫೀಸಿನ ಹೆದರಿಕೆ ಅದಕ್ಕಿಂತ ಹೆಚ್ಚು. ಎಲ್ಲ ಮಲಯಾಳ. ಮಾತಾಡಲಿಕ್ಕೆ ನನಗೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಝೆರಾಕ್ಸ್ ಅಂಗಡಿಯವರು ನಮ್ಮ ಭಾಷೆಯಲ್ಲೇ ಮಾತಾಡಿದರು. “ನೀವು ಅಲ್ಲಿ ಇಲ್ಲಿ ಓಡಬೇಡಿ ಅಕ್ಕ, ರೇಷನ್ ಕಾರ್ಡು ಆಧಾರು ಕೊಟ್ಟು ಹೋಗಿ, ಮತ್ತೆಲ್ಲ ನಾನು ನೋಡಿಕೊಳ್ಳುತ್ತೇನೆ” ಎಂದರು. ಸಾವಿರ ರೂಪಾಯಿ ತೆಗೆದುಕೊಂಡರು. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳುವಲ್ಲಿ ತಮ್ಮದೇ ನಂಬರ್ ಹಾಕಿದರು. “ಒಟಿಪಿ ಬಂದರೆ ನಿಮಗೆ ಗೊತ್ತಾಗಲಿಕ್ಕಿಲ್ಲ” ಎಂದರು. ಅದು ಉಪಕಾರ ಎಂದೇ ನಾನು ತಿಳಿದೆ. ಅರ್ಜಿ ನಂಬರ್ ಬರೆದ ಚೀಟಿಯನ್ನೂ ಕೇಳಿ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಮೇಲೆ ನಮಗೂ ಸರ್ಕಾರಕ್ಕೂ ನಡುವೆ ಇದ್ದದ್ದು ಅವರ ಫೋನ್ ಒಂದೇ.

ರೇಷನ್ ಕಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಎಷ್ಟೋ ಜನರ ಅರ್ಜಿ ಬೀಳುವುದು ಅಲ್ಲೇ. ಲೈಫಿನಲ್ಲಿ ಒಂದು ಕಾರ್ಡಿನಲ್ಲಿದ್ದವರೆಲ್ಲ ಒಂದು ಕುಟುಂಬ. ಅದರಲ್ಲಿ ಒಬ್ಬರ ಹೆಸರಿನಲ್ಲಿ ವಾಸಕ್ಕೆ ಯೋಗ್ಯವಾದ ಮನೆ ಇದ್ದರೂ ಎಲ್ಲರೂ ಹೊರಗೆ. ಆ ಸಲದ ಅರ್ಜಿಗೆ 2020ರ ಜುಲೈ 1ಕ್ಕೆ ಮೊದಲೇ ಕಾರ್ಡು ಇರಬೇಕಿತ್ತು. ನಾವು 2018ರಲ್ಲೇ ಗಂಡನ ಮನೆಯ ಕಾರ್ಡಿನಿಂದ ಬೇರೆಯಾಗಿದ್ದೆವು, ಹಾಗಾಗಿ ಅದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ವಿಳಾಸದಲ್ಲಿ. ಕ್ವಾರ್ಟರ್ಸಿನ ಮಾಲೀಕರು ಬಾಡಿಗೆ ಚೀಟಿ ಬರೆದು ಕೊಡುವುದಿಲ್ಲ, ಕೋಣೆಯ ನಂಬರ್ ಹಾಕಿಸಲಿಕ್ಕೂ ಬಿಡುವುದಿಲ್ಲ. ಕೊಟ್ಟರೆ ಟ್ಯಾಕ್ಸಿನ ಲೆಕ್ಕ ಬರುತ್ತದೆ, ಬಾಡಿಗೆಯವರು ಏಳುವುದಿಲ್ಲ ಎಂಬ ಭಯ ಅವರಿಗೆ. ಹಾಗಾಗಿ ಕಾರ್ಡು ಬೇರೆಯಾದರೂ ಅದರಲ್ಲಿ ಹತ್ತಿದ್ದು ಭಾವನವರ ಮನೆಯ ನಂಬರೇ. ಭಾವನವರದ್ದು ತಾರಸಿ ಮನೆ.

ಪರಿಶೀಲನೆಗೆ ಬಂದವರು ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದಾರೆ, ಅಂದರೆ ಝೆರಾಕ್ಸ್ ಅಂಗಡಿಯವರಿಗೆ. ಇವರು ಕಾರ್ಡಿನ ವಿಳಾಸವನ್ನೇ ಹೇಳಿದ್ದಾರೆ. ಬಂದವರು ತಾರಸಿ ಮನೆ ನೋಡಿ, ಬರೆದುಕೊಂಡು ಹೋಗಿದ್ದಾರೆ. ಅಕ್ಕ (ಭಾವನವರ ಹೆಂಡತಿ) ಇದನ್ನು ನನಗೆ ಹೇಳಿದ್ದು ಎಷ್ಟೋ ಸಮಯದ ಮೇಲೆ, ಅದೂ ಒಂದು ಮದುವೆಯ ಊಟದ ಹೊತ್ತಿನಲ್ಲಿ, “ಯಾರೋ ಜನಗಣತಿಯವರು ಬಂದಿದ್ದರು” ಎಂದು. ಝೆರಾಕ್ಸ್ ಅಂಗಡಿಯವರು ಮಾತ್ರ ಪರಿಶೀಲನೆ “ಒಳ್ಳೆಯದಾಗಿ ಮುಗಿಸಿದ್ದಕ್ಕೆ” 2,000 ತೆಗೆದುಕೊಂಡಿದ್ದರು.

2022ರ ಜೂನ್ 10ಕ್ಕೆ ಕರಡು ಪಟ್ಟಿ ಬಂತು. ಇಡೀ ಕೇರಳದಲ್ಲಿ 9 ಲಕ್ಷಕ್ಕೂ ಹೆಚ್ಚು ಅರ್ಜಿ, ಅದರಲ್ಲಿ ಆಯ್ಕೆಯಾದದ್ದು 5 ಲಕ್ಷ ಚಿಲ್ಲರೆ ಕುಟುಂಬ. ಆ ದಿನ ಸಂಜೆ ಅವರೇ ಫೋನ್ ಮಾಡಿ ಕರೆದರು. ಒಂದು ಹಾಳೆ ತೋರಿಸಿದರು. ಅದರಲ್ಲಿ ನನ್ನ ಹೆಸರು, ವಾರ್ಡಿನ ನಂಬರ್, ಅರ್ಜಿ ನಂಬರ್. ಮಲಯಾಳದಲ್ಲಿದ್ದರೂ ನನ್ನ ಹೆಸರಿನ ಆಕಾರ ನನಗೆ ಗೊತ್ತುಂಟು, ರೇಷನ್ ಕಾರ್ಡಿನಲ್ಲಿ ಅದೇ ಇರುವುದಲ್ಲವಾ. ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ. ಅದರ ಮೇಲೆ ಬೆರಳಿಟ್ಟು “ಅರ್ಹರ ಪಟ್ಟಿ” ಎಂದು ಓದಿದರು. ನನಗೆ ಕಣ್ಣು ತುಂಬಿ ಬಂತು. ಹಾಳೆಯನ್ನು ಕಣ್ಣಿಗೊತ್ತಿಕೊಂಡೆ, ಈಗ ನೆನೆಸಿದರೆ ನಾಚಿಕೆಯಾಗುತ್ತದೆ.

ಕೂಡಲೇ ದುಡ್ಡಿನ ಮಾತು ಬಂತು. ಹೆಸರು ಬಂದರೆ ಸಾಲದು, ನಂಬರ್ ಕೆಳಗೆ ಉಂಟು, ಮೇಲೆ ತರಬೇಕಾದರೆ ಆಫೀಸಿನಲ್ಲಿ “ನಮ್ಮವರಿಗೆ” ಕೊಡಬೇಕು, 10,000. “ನಾಲ್ಕು ಲಕ್ಷ ಬರುವಾಗ ಹತ್ತು ಸಾವಿರ ದೊಡ್ಡದಾ ಅಕ್ಕ?” ಕಿವಿಯದ್ದನ್ನು ಸೊಸೈಟಿಯಲ್ಲಿ ಅಡವಿಟ್ಟೆ. ಕೊಡುವಾಗ ಕೇಳಿದೆ, ಪಕ್ಕದ ಕೋಣೆಯ ಅಕ್ಕ ಏನೋ ಅಪೀಲು ಕೊಡುತ್ತಿದ್ದಾರಲ್ಲ, ನಾವೂ ಕೊಡಬೇಕಾ ಎಂದು. ಅವರ ಮುಖ ಬದಲಾಯಿತು. “ಅಪೀಲು ಕೊಟ್ಟರೆ ಇದ್ದ ಹೆಸರೂ ಹೋಗುತ್ತದೆ. ಸುಮ್ಮನಿರಿ.”

ಸುಮ್ಮನಿದ್ದೆ. ಮೊದಲ ಅಪೀಲು ಕೊಡಲಿಕ್ಕೆ ಇದ್ದದ್ದು ಒಂದು ವಾರ. ಅದರಲ್ಲಿ ಆಗದಿದ್ದರೆ ಕಲೆಕ್ಟರಿಗೆ ಎರಡನೇ ಅಪೀಲು ಇತ್ತು. ಆಮೇಲೆ ಗ್ರಾಮಸಭೆ, ಆಗಸ್ಟಿನಲ್ಲಿ ಕೊನೆಯ ಪಟ್ಟಿ. ಗ್ರಾಮಸಭೆಗೂ ನಾನು ಹೋಗಲಿಲ್ಲ, ಅವರೇ “ಹೋಗುವ ಅಗತ್ಯ ಇಲ್ಲ” ಎಂದಿದ್ದರು. ನಾನು ಹೇಳಿದ ದೊಡ್ಡ ನಷ್ಟ ಈ ದಿನಗಳದ್ದು. 18,000 ಬೀಡಿ ಕಟ್ಟಿ ತೀರಿಸಬಹುದು.

ಪಕ್ಕದ ಕೋಣೆಯ ಅಕ್ಕನದ್ದೂ ನಮ್ಮಂಥದ್ದೇ ಕೇಸು, ತಮ್ಮನ ಮನೆಯ ನಂಬರ್ ಕಾರ್ಡಿನಲ್ಲಿ. ಅವರು ಆ ವಾರದಲ್ಲೇ ತಮ್ಮನ ಮನೆಯ ಓನರ್‌ಶಿಪ್ ಸರ್ಟಿಫಿಕೇಟ್ ತೆಗೆಸಿ, ವಾರ್ಡ್ ಮೆಂಬರ್ ಹತ್ತಿರ ಬಾಡಿಗೆಯಲ್ಲಿರುವುದಕ್ಕೆ ಪತ್ರ ಬರೆಸಿ, ಅಪೀಲು ಕೊಟ್ಟರು. ಒಂದು ರೂಪಾಯಿ ಲಂಚ ಇಲ್ಲ. ಹೆಸರು ಬಂತು. ತಾಯಿ ಮನೆಯಿಂದ ಸಿಕ್ಕಿದ 4 ಸೆಂಟ್ಸ್ ಅವರ ಹತ್ತಿರ ಇತ್ತು, ಕರಾರು ಮಾಡಿ ಕಂತು ಕಂತಾಗಿ ದುಡ್ಡು ನೇರ ಅವರ ಬ್ಯಾಂಕ್ ಖಾತೆಗೇ ಬಿತ್ತು. ಗೃಹಪ್ರವೇಶಕ್ಕೆ ಹೋಗಿದ್ದೆ. ಪಾಯಸ ಗಂಟಲಲ್ಲಿ ಇಳಿಯಲಿಲ್ಲ, ಆದರೂ “ನಮ್ಮದೂ ಬರುತ್ತದೆ, ವೇಟಿಂಗ್ ಲಿಸ್ಟಿನಲ್ಲಿ ಉಂಟು” ಎಂದೇ ಹೇಳಿ ಬಂದೆ.

ಮುಂದಿನ ಎರಡು ವರ್ಷ ಝೆರಾಕ್ಸ್ ಅಂಗಡಿಯವರು ನಮ್ಮನ್ನು ಆಡಿಸಿದ್ದು ಪೇಪರ್ ತೋರಿಸಿ. 2023ರ ಏಪ್ರಿಲಿನಲ್ಲಿ ಕಣ್ಣೂರಿನ ಕಡಂಬೂರಿನಲ್ಲಿ ಲೈಫ್ ಫ್ಲಾಟ್ ಉದ್ಘಾಟನೆಯಾದಾಗ ಫೋಟೋ ತೋರಿಸಿ “ಮುಂದಿನದ್ದು ನಮ್ಮಲ್ಲಿ” ಎಂದರು. 2024ರ ಜುಲೈಯಲ್ಲಿ ವಯನಾಡಿನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರಿಗೆ ಸರ್ಕಾರ ತಿಂಗಳಿಗೆ 6,000 ಬಾಡಿಗೆ ಕೊಡುವುದೆಂದು ಸುದ್ದಿ ಬಂತಲ್ಲ, ಅದನ್ನೂ ಬಿಡಲಿಲ್ಲ. ಲೈಫ್ ಪಟ್ಟಿಯಲ್ಲಿ ಕಾಯುವವರಿಗೂ ಮನೆ ಸಿಗುವವರೆಗೆ ಬಾಡಿಗೆ ಸಹಾಯ ಬರುತ್ತದೆ, ಫಾರಂ ಹಾಕಲಿಕ್ಕೆ 5,000 ಎಂದರು. ಸತ್ತವರ ಊರಿನ ಹೆಸರಿನಲ್ಲಿ ನಮ್ಮ ಹತ್ತಿರ ದುಡ್ಡು ಕೇಳಿದ್ದು. ಅದೂ ಕೊಟ್ಟೆವು, ಗೂಗಲ್ ಪೇಯಲ್ಲಿ. ಹಣ ಹೋದದ್ದು ಬೇರೆ ಯಾರದ್ದೋ ಹೆಸರಿಗೆ. ನಮ್ಮ ಕೈಯಲ್ಲಿರುವ ಏಕೈಕ ಸಾಕ್ಷಿ ಈಗ ಅದೊಂದೇ.

ಬಾಡಿಗೆ ಫಾರಮ್ಮಿಗೆಂದು ಅವರು ಅಂದು ತೋರಿಸಿ ಕೊಟ್ಟಿದ್ದ ಪಟ್ಟಿಯ ಹಾಳೆಯನ್ನು ಹೊರಗೆ ತೆಗೆದಿದ್ದೆ. ನಮ್ಮ ಮಗಳು ಕನ್ನಡ ಮೀಡಿಯಂ. 2017ರಲ್ಲಿ ಮಲಯಾಳ ಕಡ್ಡಾಯದ ವಿರುದ್ಧ ಹೋರಾಟವಾದಾಗ ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡು ನಾನೂ ಹೋಗಿದ್ದೆ, ಇವತ್ತು ಕರೆದರೂ ಹೋಗುತ್ತೇನೆ. ಆದರೆ ಅವಳು ಕ್ವಾರ್ಟರ್ಸಿನ ಮಕ್ಕಳ ಜತೆ ಆಡಿ, ಬಸ್ಸಿನ ಬೋರ್ಡು ನೋಡಿ, ಹೇಗೋ ಓದಲಿಕ್ಕೆ ಕಲಿತಿದ್ದಾಳೆ. ಹಾಳೆ ಹಿಡಿದುಕೊಂಡು ಕೇಳಿದಳು, “ಅಮ್ಮ, ಇದರಲ್ಲಿ ಅನರ್ಹರು ಅಂತ ಉಂಟಲ್ಲ?”

ಮಲಯಾಳದಲ್ಲೂ ಅದೇ ಶಬ್ದ. ಅರ್ಹರು, ಅನರ್ಹರು. ಮೊದಲಿನ ‘ಅ’ ಆದ ಮೇಲೆ ಒಂದು ‘ನ’ ಹೆಚ್ಚು, ಅಷ್ಟೇ. ಎರಡು ವರ್ಷ ಗೋಡೆಯಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟದ್ದು ಅನರ್ಹರ ಪಟ್ಟಿಯನ್ನು. ಹೆಸರಿನ ಮುಂದೆ ಕಾರಣವೂ ಇತ್ತು, ವಾಸಯೋಗ್ಯ ಮನೆ ಇದೆ ಎಂದು.

ಮರುದಿನ ಮೊದಲ ಸಲ ಪಂಚಾಯತ್ ಆಫೀಸಿಗೆ ಹೋದೆ. ಲೈಫಿನ ಕೆಲಸ ನೋಡುವುದು ವಿ.ಇ.ಒ., ಅಂದರೆ ವಿಲೇಜ್ ಎಕ್ಸ್‌ಟೆನ್ಶನ್ ಆಫೀಸರ್. ನಾನು ಹೆದರಿದಷ್ಟು ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದರು. ಅಪೀಲಿನ ಸಮಯ ಮುಗಿದು ಎರಡು ವರ್ಷ ಆಯಿತು, ಇನ್ನು ಹೊಸ ಅರ್ಜಿ ಕರೆದಾಗ ಹಾಕಿ ಎಂದರು. ಬಾಡಿಗೆ ಸಹಾಯದ ಫಾರಂ ಎಂದಾಗ ಅವರೇ ನನ್ನ ಮುಖ ನೋಡಿದರು. ಅಂಥದ್ದು ಲೈಫಿನಲ್ಲಿ ಇಲ್ಲವೇ ಇಲ್ಲ. ವಯನಾಡಿನದ್ದು ದುರಂತದಲ್ಲಿ ಮನೆ ಹೋದವರಿಗೆ ಕೊಟ್ಟದ್ದು.

ನಂಬರ್ ಮೇಲೆ ತರುವ ಮಾತಿನ ಬಗ್ಗೆಯೂ ಕೇಳಿದೆ. ಪಟ್ಟಿಯಲ್ಲಿ ಮೇಲೆ ಕೆಳಗೆ ಆಗುವುದು ‘ಕ್ಲೇಶ ಘಟಕ’ ಎನ್ನುವುದನ್ನು ನೋಡಿ. ಮನೆಯಲ್ಲಿ ಅಂಗವಿಕಲರು ಇದ್ದಾರಾ, ದೊಡ್ಡ ಕಾಯಿಲೆಯವರು ಇದ್ದಾರಾ, ದುಡಿಯುವವರೇ ಇಲ್ಲವಾ, ಅಂಥದ್ದು. ಅದಕ್ಕೆ ಬೇಕಾದದ್ದು ಸರ್ಟಿಫಿಕೇಟ್, ನೋಟಲ್ಲ. ನ್ಯಾಯವಾಗಿ ಹೇಳುವುದಾದರೆ, ಆ ವಾರ ಅಪೀಲು ಕೊಟ್ಟು ಗೆದ್ದಿದ್ದರೂ ನಮಗೆ ಇಷ್ಟರಲ್ಲಿ ಮನೆ ಆಗಿರುತ್ತಿತ್ತು ಎಂದು ಹೇಳಲಾರೆ. ಸ್ಥಳ ಇದ್ದವರದ್ದು ಒಂದು ಪಟ್ಟಿ, ಇಲ್ಲದವರದ್ದು ಇನ್ನೊಂದು. ನಮ್ಮದು ಎರಡನೆಯದು, ಅದು ಮೆಲ್ಲಗೆ ಸಾಗುವುದು. ಆದರೆ ಸಾಲಿನಲ್ಲಿ ನಿಂತು ಕಾಯುವುದಕ್ಕೂ ಸಾಲಿನಲ್ಲೇ ಇಲ್ಲದೆ ಕಾಯುವುದಕ್ಕೂ ವ್ಯತ್ಯಾಸ ಇಲ್ಲವಾ ಮಾರಾಯ್ರೇ?

ಇನ್ನು ಹೊಸ ಅರ್ಜಿ ಕರೆದಾಗ ನೀವು ಹೋಗುವುದಾದರೆ ಫೋನ್ ನಂಬರ್ ನಿಮ್ಮದೇ ಹಾಕಿಸಿ, ಸ್ವಂತ ಫೋನ್ ಇಲ್ಲದಿದ್ದರೆ ಮಗನದ್ದೋ ಮಗಳದ್ದೋ. ಅಕ್ಷಯದಲ್ಲಿ (ಸರ್ಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇಂದ್ರ) ಹಾಕಿದರೂ ಪಂಚಾಯತಿನಲ್ಲಿ ಹಾಕಿದರೂ ಅರ್ಜಿ ನಂಬರ್ ಇರುವ ಪ್ರಿಂಟ್ ಕೈಗೆ ಬಾರದೆ ಏಳಬೇಡಿ. ಪಟ್ಟಿ ಬಂದ ದಿನ ಪಂಚಾಯತಿನ ನೋಟಿಸ್ ಬೋರ್ಡಿನಲ್ಲಿ ನೀವೇ ನೋಡಿ, ಓದಲಿಕ್ಕೆ ಬರದಿದ್ದರೆ ದುಡ್ಡು ಕೇಳದ ಯಾರಿಂದಲಾದರೂ, ಶಾಲೆಗೆ ಹೋಗುವ ಒಂದು ಮಗುವಿನಿಂದಾದರೂ ಓದಿಸಿ. ಕಾರ್ಡಿನಲ್ಲಿರುವ ಮನೆ ನಂಬರ್ ನೀವು ವಾಸ ಮಾಡುವ ಜಾಗದ್ದು ಅಲ್ಲದಿದ್ದರೆ ಅದನ್ನು ಈಗಲೇ ಸರಿ ಮಾಡಿಸಿ, ಅರ್ಜಿ ಕರೆದ ಮೇಲೆ ಓಡಿದರೆ ಆಗುವುದಿಲ್ಲ.

ಮತ್ತೆ, ಕನ್ನಡದಲ್ಲಿ ಬರೆದು ಕೊಡಲಿಕ್ಕೆ ಹೆದರಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡದವರು ಇರುವ ಜಾಗದ ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಕೊಡಬೇಕು ಎಂದು ಉಂಟು. ನನ್ನ ಅರ್ಜಿ ಯಾಕೆ ತಳ್ಳಿದ್ದು ಎಂದು ನಾನು 10 ರೂಪಾಯಿಯ ಸ್ಟ್ಯಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದು ಕನ್ನಡದಲ್ಲೇ. ಗುಮಾಸ್ತರು ಒಂದು ಸಲ ತಿರುಗಿಸಿ ನೋಡಿದರು, ಆಮೇಲೆ ಸೀಲು ಹಾಕಿ ತೆಗೆದುಕೊಂಡರು. ಅಷ್ಟು ಸುಲಭದ ಕೆಲಸಕ್ಕೆ ನಾನು ನಾಲ್ಕು ವರ್ಷ ಇನ್ನೊಬ್ಬನ ಸ್ಟೂಲಿನ ಎದುರು ನಿಂತದ್ದು.

ಇಷ್ಟು ಹೊತ್ತು ‘ಅವರು’ ಎಂದೇ ಬರೆದೆ, ಅಣ್ಣ ಎಂದು ಕರೆದು ಅಭ್ಯಾಸವಾದ ಬಾಯಿ. ದುಡ್ಡು ವಾಪಸು ಕೇಳಲಿಕ್ಕೆ ನಾನೂ ನನ್ನವರೂ ಹೋದೆವು. ಮೊದಲು ನಕ್ಕ. ಆಮೇಲೆ ಗಲಾಟೆ ಮಾಡಿದರೆ ಒಳ್ಳೆಯದಾಗಲಿಕ್ಕಿಲ್ಲ ಎಂದ. ಕೊನೆಗೆ ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ ಬೆರಳು ತೋರಿಸಿ ಹೇಳಿದ, “ನೋಡಿ, ಹೀಗೆಲ್ಲ ಮಾತಾಡಿದರೆ ಪಟ್ಟಿಯಿಂದ ನಿಮ್ಮ ಹೆಸರೇ ತೆಗೆಸಿಬಿಡುತ್ತೇನೆ!”